ಹತ್ತರಿಂದ ಐದರವರೆಗೆ ದಿವಂಗತ

ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ಐದು ಗಂಟೆಯವರೆಗೆ ಮೃತನಾಗಿರುವ ವ್ಯಕ್ತಿಯು ಸದರಿ ಅವಧಿಯಲ್ಲಿ ಮಾತನಾಡತಕ್ಕದ್ದಲ್ಲ, ಸನ್ನೆ ಮಾಡತಕ್ಕದ್ದಲ್ಲ, ತನ್ನ ಬಗ್ಗೆ ಇತರರು ಆಡುವ ಮಾತಿಗೆ ಹುಬ್ಬು ಹಾರಿಸತಕ್ಕದ್ದಲ್ಲ. ಕೆಮ್ಮಿಗೆ ವಿನಾಯಿತಿ ಉಂಟು.

ಈ ನಿಯಮ ಈಗ ಆ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಯಾವ ನಿಯಮವೂ ಆಕಾಶದಿಂದ ಉದುರುವುದಿಲ್ಲ, ಯಾರದೋ ತಲೆಯಿಂದಲೇ ಉದುರಬೇಕು. ಇದು ಉದುರಿದ್ದು ಬೀಗದಜ್ಜನ ತಲೆಯಿಂದ, ಬಿದ್ದದ್ದೂ ಬೀಗದಜ್ಜನ ತಲೆಯ ಮೇಲೆಯೇ.

ಬೀಗದಜ್ಜ ಅಂದರೆ ಸಾಮಾನ್ಯ ಆಸಾಮಿಯಲ್ಲ. ಅವನ ಅಂಗಡಿ ಒಂದು ಷಟರಿನಷ್ಟು ಅಗಲ, ಎರಡು ಕೆಮ್ಮಿನಷ್ಟು ಉದ್ದ. ಗೋಡೆ ತುಂಬ ಬೀಗದ ಕೈಗಳು ನೇತಾಡುತ್ತಿದ್ದವು. ಗಾಳಿ ಬೀಸಿದರೆ ಅಂಗಡಿಯೇ ಹಲ್ಲು ಕಡಿದಂತೆ ಸದ್ದು. ಬಾಗಿಲ ಬಳಿ ಮೂರು ಕಾಲಿನ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಬೀಗ ಇಟ್ಟುಕೊಂಡು, ಅರದಿಂದ ಉಜ್ಜುತ್ತ ಅವನು ಕತೆ ಹೇಳುತ್ತಿದ್ದ. ಬೀಗ ರಿಪೇರಿಯಾದರೂ ಕತೆ ಮುಗಿಯದಿದ್ದರೆ ಬೀಗವನ್ನು ಮತ್ತೆ ಕೆಡಿಸುತ್ತಿದ್ದನೆಂದು ಜನ ಹೇಳುವುದುಂಟು. ಅದು ಜನರ ಹೊಟ್ಟೆಕಿಚ್ಚು.

ಅವನ ಕತೆಗಳಲ್ಲಿ ಹೆಸರಾದವು ಎರಡು. ಒಂದು, ಮಹಾಬೀಗದ ಕತೆ. ಯಾವುದೋ ಕೋಟೆಯ ಹೆಬ್ಬಾಗಿಲಿಗೆ ಹಾಕಿದ ಬೀಗವಂತೆ. ಅದನ್ನು ಹೊರಗಿನಿಂದ ರಿಪೇರಿ ಮಾಡಲು ಸಾಧ್ಯವೇ ಇಲ್ಲ, ಕೀಲಿ ಹಾಕುವ ತೂತಿನಿಂದ ಒಳಗೆ ಇಳಿಯಬೇಕು. ಅಜ್ಜ ಲಾಂದ್ರ, ಅರ, ಊಟದ ಡಬ್ಬಿ ಹಿಡಿದು ಇಳಿದ. ಒಳಗೆ ದಾರಿ ತಪ್ಪಿತು. ಮೂರನೆಯ ದಿನ ಒಂದು ಸ್ಪ್ರಿಂಗಿನ ತಿರುವಿನಲ್ಲಿ ಮೊಣಕಾಲವರೆಗೆ ಬಿಳಿಗಡ್ಡ ಬಿಟ್ಟ ಒಬ್ಬ ಮುದುಕ ಕೂತಿದ್ದ. ಅವನು ಹಿಂದಿನ ತಲೆಮಾರಿನ ರಿಪೇರಿಯವನು. "ಹೊರಗೆ ಈಗ ಯಾರ ಕಾಲ ನಡೀತಿದೆಯಪ್ಪಾ?" ಎಂದು ಕೇಳಿದನಂತೆ. ಎರಡನೆಯದು, ಖಜಾನೆಯ ಕತೆ. ಕೀ ಕಳೆದುಹೋದ ಖಜಾನೆಯ ಬಾಗಿಲನ್ನು ಅಜ್ಜ ತನ್ನ ಮೀಸೆಯ ಒಂದೇ ಒಂದು ಕೂದಲಿನಿಂದ ತೆಗೆದದ್ದು. ಅದಕ್ಕೆ ಸಾಕ್ಷಿ, ಅವನ ಎಡಗಡೆಯ ಮೀಸೆ ಇಂದಿಗೂ ತೆಳ್ಳಗಿದೆ.

"ಅದು ತೆಳ್ಳಗಾದದ್ದು ನನ್ನ ಕತ್ತರಿ ಜಾರಿದ್ದಕ್ಕೆ ಅಜ್ಜ. ಬುರುಡೆ ಬಿಡೋದಕ್ಕೂ ಒಂದು ಮಿತಿ ಬೇಡ್ವಾ?" ಎಂದು ಎದುರು ಅಂಗಡಿಯ ಕ್ಷೌರದವನು ದಿನಾ ಕೂಗುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅಜ್ಜ ಅರವನ್ನು ಇನ್ನೂ ಜೋರಾಗಿ ಉಜ್ಜುತ್ತ ಮುಂದುವರಿಸುತ್ತಿದ್ದ. ಊರೆಲ್ಲ ಕೇಳುತ್ತಿತ್ತು, ಆದರೆ ಒಬ್ಬನಾದರೂ "ನಿಜವೇ ಇರಬೇಕು" ಎಂದು ಹೇಳಲಿಲ್ಲ. ಅದೊಂದೇ ಕೊರಗು ಅವನಿಗೆ.

ಇನ್ನೊಂದು ಗುಣವಿತ್ತು. ಎಂಟು ದಿನ ತನ್ನ ಮನೆಯ ಬಾಗಿಲಿಗೆ ಹಾಕಿ, ತೆಗೆದು, ಮಳೆಗೆ ನೆನೆಸಿ, ಬಿಸಿಲಿಗೆ ಒಣಗಿಸಿ ನೋಡದೆ ಯಾವ ಬೀಗವನ್ನೂ ಅವನು ಮಾರುತ್ತಿರಲಿಲ್ಲ. "ಹಾಕಿ ನೋಡದ ಬೀಗ ಬೀಗವಲ್ಲ, ಬರೀ ಕಬ್ಬಿಣ" ಎಂಬುದು ಅವನ ಮಾತು. ಹೆಣ್ಣು ನೋಡಲು ಹೋದಾಗಲೂ ಎಂಟು ದಿನದ ಪರೀಕ್ಷೆ ಕೇಳಿ, ಮಾವನಿಂದ ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡಿದ್ದ. ಅಜ್ಜಿ ಈಗಲೂ ಹೇಳುತ್ತಾಳೆ, "ಪರೀಕ್ಷೆ ಇಲ್ಲದೆ ಈ ಮನೆಗೆ ಬಂದ ಬೀಗ ನಾನೊಬ್ಬಳೇ. ಇವತ್ತಿನವರೆಗೆ ಕೆಟ್ಟು ನಿಂತಿದ್ದರೆ ಹೇಳಿ."

ಹೀಗಿರುವಾಗ ಬೀದಿಯ ತುದಿಯ ಇಟ್ಟಿಗೆ ವ್ಯಾಪಾರಿ ಏನೂ ಬರೆದಿಡದೆ ತೀರಿಕೊಂಡ. ಅವನ ಇಬ್ಬರು ಗಂಡುಮಕ್ಕಳು ಮನೆ ಹಂಚಿಕೊಂಡರು. ಹಿರಿಯನಿಗೆ ಮಹಡಿ ಬಂತು, ಕಿರಿಯನಿಗೆ ಮೆಟ್ಟಿಲು ಬಂತು. ಅಂದಿನಿಂದ ಹಿರಿಯ ಹಗ್ಗ ಹಿಡಿದು ಕಿಟಕಿಯಿಂದ ಇಳಿಯುತ್ತಾನೆ. ಕಿರಿಯ ದಿನಾ ಸಂಜೆ ತನ್ನ ಪಾಲಿನ ಮೆಟ್ಟಿಲನ್ನು ಸುಮ್ಮನೆ ಹತ್ತಿ ಇಳಿಯುತ್ತಾನೆ. ಇದನ್ನು ನೋಡಿ ಅಜ್ಜ ಮನೆಗೆ ಬಂದವನೇ ತನ್ನ ಮೆಟ್ಟಿಲುಗಳನ್ನು ಎಣಿಸಿದ. ಅವನಿಗೂ ಒಬ್ಬ ಮಗ, ಒಬ್ಬಳು ಮಗಳು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಮೆಟ್ಟಿಲು.

ಮರುದಿನವೇ ಅವನು ಲಾಯರ ಬಳಿ ಹೋದ. ಈ ಲಾಯರನ್ನು ಊರಲ್ಲಿ ತಕ್ಕದ್ದು ಲಾಯರು ಎನ್ನುತ್ತಿದ್ದರು. ಹೆಂಡತಿಗೆ "ಚಹಾ ತರತಕ್ಕದ್ದು" ಎಂದು ಹೇಳಿ, "ನೀವೇ ಮಾಡಿಕೊಳ್ಳತಕ್ಕದ್ದು" ಎಂದು ಹೇಳಿಸಿಕೊಂಡ ಮಹನೀಯರು. ಅವರ ಕುರ್ಚಿಯ ಒಂದು ಕಾಲು ಮೋಟು, ಅದರ ಕೆಳಗೆ ಕಾನೂನಿನ ಎರಡು ಪುಸ್ತಕ. ಬೀರುವಿನ ಬೀಗ ಹಲವು ವರ್ಷಗಳಿಂದ ಕಚ್ಚಿಕೊಂಡಿದ್ದು, ಒಳಗಿದ್ದ ಕಕ್ಷಿದಾರರ ಕಾಗದಗಳು ಅತ್ಯಂತ ಸುರಕ್ಷಿತವಾಗಿದ್ದವು. ಅಜ್ಜ ಕೂತವನೇ ಆ ಬೀಗಕ್ಕೆ ಕೈ ಹಾಕಿದ.

"ನೋಡಿ ಯಜಮಾನ್ರೇ," ಎಂದರು ಲಾಯರು, "ದಾರಿ ಎರಡು. ಒಂದು ವಿಲ್ಲು, ಇನ್ನೊಂದು ಟ್ರಸ್ಟು. ವಿಲ್ಲು ಅಂದ್ರೆ ನೀವು ಹೋದ ಮೇಲೆ ತೆರೆಯೋದು. ಟ್ರಸ್ಟು ಅಂದ್ರೆ ನೀವಿರುವಾಗಲೇ ಎಲ್ಲಾನೂ ಅದಕ್ಕೆ ಬರೆದುಕೊಡೋದು. ನೋಡಿಕೊಳ್ಳೋಕೆ ಟ್ರಸ್ಟಿಗಳು ಇರ್ತಾರೆ. ನೀವು ಫಲಾನುಭವಿ."

"ಹಾಗಂದ್ರೆ?"

"ಹಾಗಂದ್ರೆ, ಮನೆ ನಿಮ್ಮದಲ್ಲ, ಆದ್ರೆ ನೀವು ಅದರಲ್ಲಿ ಇರಬಹುದು. ಅಂಗಡಿ ನಿಮ್ಮದಲ್ಲ, ಆದ್ರೆ ಲಾಭ ನಿಮ್ಮದು. ಯಾವುದನ್ನೂ ಕೇಳದೆ ಮುಟ್ಟೋ ಹಾಗಿಲ್ಲ, ಆದ್ರೆ ಎಲ್ಲಾ ನಿಮಗೋಸ್ಕರವೇ."

"ಓ, ಅದಾ? ಅದನ್ನ ನನ್ನ ಮದುವೆ ದಿನವೇ ಮಾಡಿ ಮುಗಿಸಿದ್ದೀನಿ ಸ್ವಾಮಿ." ಅಜ್ಜ ಬೀಗದ ಧೂಳು ಊದಿದ. "ಎರಡರಲ್ಲಿ ಗಟ್ಟಿ ಯಾವುದು?"

"ಅದು ಸಂದರ್ಭಕ್ಕೆ ತಕ್ಕಂತೆ."

"ಬೀಗ ಗಟ್ಟಿನಾ ಅಂತ ಗಿರಾಕಿ ಕೇಳಿದ್ರೆ ಸಂದರ್ಭಕ್ಕೆ ತಕ್ಕಂತೆ ಅಂತ ನಾನು ಹೇಳ್ತೀನಾ? ಎಂಟು ದಿನ ಹಾಕಿ ನೋಡಿದ್ದೀನಿ ಅಂತೀನಿ. ಇದನ್ನೂ ಹಾಗೇ ಮಾಡೋಣ. ಎಂಟು ದಿನ ವಿಲ್ಲು, ಎಂಟು ದಿನ ಟ್ರಸ್ಟು. ಯಾವುದು ಸಲೀಸಾಗಿ ತಿರುಗುತ್ತೋ ಅದು ಇರಲಿ."

ಲಾಯರು ಕನ್ನಡಕ ತೆಗೆದರು. "ಟ್ರಸ್ಟನ್ನ ಹಾಕಿ ನೋಡಬಹುದು. ಆದ್ರೆ ವಿಲ್ಲು ನಡೀಬೇಕಾದ್ರೆ ನೀವು ಸಾಯತಕ್ಕದ್ದು."

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದ. ಅಷ್ಟರಲ್ಲಿ ಬೀರುವಿನ ಬೀಗ ಟಕ್ಕೆಂದು ತೆರೆಯಿತು.

"ಇಡೀ ದಿನ ಸಾಯಬೇಕಾ, ಇಲ್ಲಾ ಕಚೇರಿ ವೇಳೆ ಸಾಕಾ?"

ತಮ್ಮ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಲಾಯರು ಕುರ್ಚಿಯ ಕಾಲಡಿಯ ಪುಸ್ತಕವನ್ನು ಎಳೆದು, ವಾಲಿಕೊಂಡೇ ಓದಿದರು. ಮನುಷ್ಯನು ದಿನದಲ್ಲಿ ಇಂತಿಷ್ಟು ಗಂಟೆ ಮಾತ್ರ ಸಾಯಕೂಡದು ಎಂದು ಯಾವ ಪುಟದಲ್ಲೂ ಬರೆದಿರಲಿಲ್ಲ. "ಬೇಡ ಅನ್ನದ್ದನ್ನ ಮಾಡತಕ್ಕದ್ದು" ಎಂದರು. ದಿನವಹಿ ಸಾಯುವ ಕಕ್ಷಿದಾರನಿಗೆ ದಿನವಹಿ ಶುಲ್ಕ ಎಂಬ ವಿಚಾರ ಅವರಿಗೆ ಆ ಗಳಿಗೆಯಲ್ಲೇ ಹೊಳೆದಿರಬೇಕು. ಮುಖ ಅಷ್ಟು ಬೆಳಗಿತ್ತು.

ಸಂಜೆ ಮನೆಯಲ್ಲಿ ವಿಷಯ ಪ್ರಸ್ತಾಪವಾಯಿತು. ಅಜ್ಜನ ಮಗ ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತ. ಸಾವಿನ ವಿಷಯದಲ್ಲಿ ಆ ಮನೆಯ ಅನುಭವಸ್ಥ.

"ಅಪ್ಪಾ, ನಮ್ಮಲ್ಲಿ ಅರೆಕಾಲಿಕ ಮರಣಕ್ಕೆ ಕಾಲಮ್ಮೇ ಇಲ್ಲ," ಎಂದ.

"ಇಲ್ಲದಿದ್ರೆ ಕೊರೀಬೇಕಪ್ಪಾ. ಕೀ ಇಲ್ಲ ಅಂತ ಬಂದವರನ್ನ ನಾನು ವಾಪಸ್ ಕಳಿಸ್ತೀನಾ?"

ಮಗ ಕಡತ ಮಂಡಿಸಿದ. ಮೇಲಧಿಕಾರಿಗಳು ಮೂರು ಸಲ ಓದಿ, "ಮೃತರು ಸಂಜೆ ಮರಳಿ ಬರುವ ಬಗ್ಗೆ ಭರವಸೆ ನೀಡಿದಲ್ಲಿ ಆಕ್ಷೇಪಣೆ ಇಲ್ಲ" ಎಂದು ಷರಾ ಬರೆದರು. ತಂದೆ ತೀರಿಕೊಂಡ ದಿನಗಳಂದು ನೌಕರನಿಗೆ ಸಂಬಳ ಸಹಿತ ರಜೆ ಎಂಬ ನಿಯಮ ಮೊದಲೇ ಇತ್ತು. ಅದರಲ್ಲಿ "ದಿನಗಳಂದು" ಎಂಬ ಮಾತನ್ನು ಯಾರೂ ಅದುವರೆಗೆ ಬಳಸಿಕೊಂಡಿರಲಿಲ್ಲ. ಮಗ ಬಳಸಿಕೊಂಡ.

ಅಂಗಡಿಯಲ್ಲಿ ಯಂತ್ರ ಹಾಕಿ ಕೀ ಕೊರೆಯುವವಳು ಮಗಳು. ಕೈ ಅಪ್ಪನದು, ಬಾಯಿ ಅಮ್ಮನದು. ಅವಳೇ ಷಟರಿನ ಮೇಲೆ ಪ್ರಕಟಣೆ ಅಂಟಿಸಿದಳು.

"ಈ ಮೂಲಕ ಸಮಸ್ತ ಗಿರಾಕಿಗಳಿಗೆ ತಿಳಿಯಪಡಿಸುವುದೇನೆಂದರೆ, ಈ ಅಂಗಡಿಯ ಮಾಲೀಕರು ಸೋಮವಾರದಿಂದ ಎಂಟು ದಿನಗಳ ಕಾಲ ಕಚೇರಿ ವೇಳೆಯಲ್ಲಿ ನಿಧನರಾಗಿರುತ್ತಾರೆ. ಭಾನುವಾರ ರಜೆ. ಸಂತಾಪ ಸೂಚಿಸುವವರು ಊಟದ ವಿರಾಮ ಬಿಟ್ಟು ಬರತಕ್ಕದ್ದು. ದಿವಂಗತರಿಗೆ ಸಾಲ ಕೊಟ್ಟವರು ಐದರ ನಂತರ ಬರತಕ್ಕದ್ದು. ಅವರಿಂದ ಸಾಲ ಪಡೆದವರು ಯಾವಾಗ ಬೇಕಾದರೂ ಬರಬಹುದು. ಕೀ ಕೊರೆಯುವ ಕೆಲಸ ಎಂದಿನಂತೆ."

ಸೋಮವಾರ ಹತ್ತಕ್ಕೆ ಅಜ್ಜ ಚಹಾದ ಕೊನೆಯ ಗುಟುಕು ಕುಡಿದು, ಸ್ಟೂಲಿನ ಮೇಲೆ ಸರಿಯಾಗಿ ಕೂತು, "ಹಾಗಾದ್ರೆ ನಾನಿನ್ನು ಬರ್ತೀನಿ" ಎಂದ.

"ಲೋಟ ಕೊಟ್ಟು ಸಾಯಿರಿ," ಎಂದಳು ಅಜ್ಜಿ. "ತೊಳೆದಿಡಬೇಕು."

ಲೋಟ ಕೊಟ್ಟು ಸತ್ತ.

ಲಾಯರು ವಿಲ್ಲು ಓದಿದರು. ಮೇಲಿನ ಮನೆ ಮಗನಿಗೆ, ಕೆಳಗಿನ ಅಂಗಡಿ ಮಗಳಿಗೆ, ಮೆಟ್ಟಿಲು ಇಬ್ಬರಿಗೂ, ಹೆಂಡತಿಗೆ ಇಬ್ಬರನ್ನೂ ಬೈಯುವ ಹಕ್ಕು. ಎಲ್ಲ ಸುಸೂತ್ರ. ಆಮೇಲೆ ಸ್ಟೂಲಿನ ಪ್ರಶ್ನೆ ಬಂತು.

"ಸ್ಟೂಲು ಅಂಗಡಿಯದ್ದು," ಎಂದಳು ಮಗಳು.

"ಹಿಂದಿನ ಕಾಲು ಹೊಸ್ತಿಲ ಮೇಲಿದೆ. ಹೊಸ್ತಿಲು ಮೆಟ್ಟಿಲಿಗೆ ಸೇರಿದ್ದು. ಅಂದ್ರೆ ಸ್ಟೂಲು ಜಂಟಿ," ಎಂದ ಮಗ.

"ಜಂಟಿ ಅಂತೆ! ಒಂದು ದಿನ ಆದ್ರೂ ಅದರ ಮೇಲೆ ಕೂತು ಕೆಲಸ ಮಾಡಿದ್ದೀಯೇನೋ ಅಣ್ಣಾ?"

ಇಬ್ಬರೂ ಸ್ಟೂಲಿನ ಒಂದೊಂದು ಕಾಲು ಹಿಡಿದು ಎಳೆದರು. ದಿವಂಗತರು ಮೂರನೆಯ ಕಾಲಿನ ಆಧಾರದಲ್ಲಿ ತೂಗಾಡಿದರು. ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಲಾಯರು ಕೈ ಎತ್ತಿ ತೀರ್ಪು ಕೊಟ್ಟರು: "ಸ್ಟೂಲಿನ ಮೇಲೆ ಮೃತರಿದ್ದಾರೆ. ಅವರನ್ನ ಎಬ್ಬಿಸದೆ ಹಂಚೋ ಹಾಗಿಲ್ಲ. ಸತ್ತವರನ್ನ ಎಬ್ಬಿಸೋ ಅಧಿಕಾರ ಯಾರಿಗೂ ಇಲ್ಲ. ಯಥಾಸ್ಥಿತಿ ಕಾಪಾಡತಕ್ಕದ್ದು."

ಮಧ್ಯಾಹ್ನದ ಮೇಲೆ ಕ್ಷೌರದವನು ಸಂತಾಪಕ್ಕೆ ಬಂದ. ಕೈಯಲ್ಲಿ ಕತ್ತರಿ ಹಾಗೇ ಇತ್ತು, ಅರ್ಧ ತಲೆಯ ಗಿರಾಕಿಯೂ ಹಿಂದೆಯೇ ಬಂದಿದ್ದ. ಕ್ಷೌರದವನು ಅಜ್ಜನ ಮುಖವನ್ನು ನೋಡಿ ನಿಟ್ಟುಸಿರು ಬಿಟ್ಟ.

"ಏನು ಮನುಷ್ಯ ಕಣಮ್ಮಾ," ಎಂದ ಅಜ್ಜಿಗೆ. "ಈ ಎಡಗಡೆ ಮೀಸೆ ನೋಡಿ. ಖಜಾನೆ ಬಾಗಿಲು ತೆಗೆದ ಮೀಸೆ ಇದು. ನಾನು ಬಾಯಿಗೆ ಬಂದ ಹಾಗೆ ಬುರುಡೆ ಅಂತಿದ್ದೆ. ಸತ್ತವರ ಮುಂದೆ ಸುಳ್ಳು ಹೇಳಬಾರದು, ನನಗೆ ಆಗಲೇ ಗೊತ್ತಿತ್ತು ಅದು ನಿಜ ಅಂತ."

"ಮಹಾಬೀಗದೊಳಗೆ ಇಳಿಯುವಾಗ ಊಟದ ಡಬ್ಬಿ ಕಟ್ಟಿಕೊಟ್ಟವಳು ನಾನೇ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

"ಎರಡು ದಿನ ಒಳಗಿದ್ರಲ್ಲ, ಪಾಪ!" ಎಂದ ಕ್ಷೌರದವನು.

ಇಲ್ಲಿ ದಿವಂಗತರು ಮೂರು ಸಲ ಕೆಮ್ಮಿದರು. ನಿಲ್ಲಿಸಿ, ಮತ್ತೆ ಸ್ಪಷ್ಟವಾಗಿ ಮೂರು ಸಲ ಕೆಮ್ಮಿದರು.

"ಅಪ್ಪಾ," ಎಂದ ಮಗ ಮೆಲ್ಲಗೆ, "ಅರ್ಥವಿರುವ ಕೆಮ್ಮಿಗೆ ವಿನಾಯಿತಿ ಇಲ್ಲ."

ಬಾಯಿಗೆ ಬೀಗ ಅಂದರೆ ಏನೆಂದು ಬೀಗದಜ್ಜನಿಗೆ ಅರ್ಥವಾದದ್ದು ಅಂದೇ. ಐದು ಹೊಡೆಯುತ್ತಲೇ ಅವನು ಸ್ಟೂಲಿನಿಂದ ಚಿಮ್ಮಿ ಬೀದಿ ದಾಟಿದ. "ಮೂರು ದಿನ ಕಣೋ! ಎರಡಲ್ಲ, ಮೂರು!"

ಕ್ಷೌರದವನು ಕತ್ತರಿ ಆಡಿಸುತ್ತ ನಕ್ಕ. "ಬಂದ್ರಾ ಅಜ್ಜ? ಬರ್ತಾ ಬರ್ತಾನೇ ಬುರುಡೆ ಶುರುನಾ?"

ಆ ವಾರವೆಲ್ಲ ಹೀಗೇ ನಡೆಯಿತು. ಸತ್ತ ಅಜ್ಜನನ್ನು ನೋಡಲು ಪಕ್ಕದ ಬೀದಿಗಳಿಂದಲೂ ಜನ ಬಂದರು, ಬಂದವರು ಬರಿಗೈಲಿ ಹೋಗುವುದು ಹೇಗೆಂದು ಒಂದೊಂದು ಕೀ ಕೊರೆಸಿಕೊಂಡರು. ಬೀಗವೇ ಇಲ್ಲದವರೂ ಕೊರೆಸಿಕೊಂಡರು. ಮಗಳ ಯಂತ್ರ ಬಿಸಿಯಾಗಿ ಅದರ ಮೇಲೆ ಚಹಾ ಕಾಯಿಸಬಹುದಿತ್ತು. ಮಗನಿಗೆ ರಜೆ. ಅಜ್ಜಿ ಮದುವೆಯಾದ ಮೇಲೆ ಮೊದಲ ಬಾರಿಗೆ ಮಧ್ಯಾಹ್ನ ನಿದ್ದೆ ಮಾಡಿದಳು. ಮಾಡಿ ಎದ್ದು, "ಇಂಥದ್ದೊಂದು ಇದೆ ಅಂತ ಯಾರೂ ಹೇಳೇ ಇರಲಿಲ್ಲ" ಎಂದಳು. ಎಲ್ಲರೂ ಸುಖವಾಗಿದ್ದರು, ಸತ್ತವನೊಬ್ಬನನ್ನು ಬಿಟ್ಟು.

ಅದಕ್ಕೇ ಅವನು ಟ್ರಸ್ಟಿನ ಸರದಿಗೆ ಕಾತರದಿಂದ ಕಾದ. ಟ್ರಸ್ಟಿನಲ್ಲಿ ಬದುಕಿರಬಹುದು, ಬಾಯಿ ತೆರೆಯಬಹುದು.

ಮುಂದಿನ ವಾರ ಪರೀಕ್ಷಾರ್ಥ ಟ್ರಸ್ಟು ಅಸ್ತಿತ್ವಕ್ಕೆ ಬಂತು. ಮಗ, ಮಗಳು, ಲಾಯರು ಟ್ರಸ್ಟಿಗಳು. ಮನೆ, ಅಂಗಡಿ, ಅರ, ಇಕ್ಕಳ, ಗೋಡೆಯ ಕೀಗಳು, ಮೂರು ಕಾಲಿನ ಸ್ಟೂಲು ಎಲ್ಲವೂ ಟ್ರಸ್ಟಿನ ಸ್ವತ್ತು. ಬೆಳಿಗ್ಗೆ ಅಜ್ಜ ಕೂರಲು ಹೋದ.

"ಅಪ್ಪಾ, ತಾಳು," ಎಂದಳು ಮಗಳು. "ನೀನು ಈಗ ಫಲಾನುಭವಿ. ಸ್ಟೂಲಿನ ಫಲ ಅನುಭವಿಸೋಕೆ ಸಭೆಯ ಒಪ್ಪಿಗೆ ಬೇಕು."

"ಸಭೆ ಯಾವಾಗ?"

"ಅಣ್ಣ ರಜೆ ಮುಗಿದು ಕಚೇರಿಗೆ ಹೋಗಿದ್ದಾನೆ. ಅವನು ಬಂದ ಮೇಲೆ."

"ಅಲ್ಲಮ್ಮಾ, ಸತ್ತಾಗ ಕೂತಿದ್ದೆ. ಬದುಕಿದ ಮೇಲೆ ನಿಲ್ಲಬೇಕಾ?"

"ಸತ್ತವರಿಗೆ ಇರೋ ಅನುಕೂಲ ಬದುಕಿರೋರಿಗೆ ಎಲ್ಲಿಂದ ಬರುತ್ತಪ್ಪಾ?"

ಅಜ್ಜ ನಿಂತ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಬಾಗಿಲ ಬಳಿ ಖಾಲಿ ಸ್ಟೂಲನ್ನು ನೋಡುತ್ತ ನಿಂತ. ಸಂಜೆ ಸಭೆ ಸೇರಿ, ಫಲಾನುಭವಿಯು ಸ್ಟೂಲಿನ ಮೇಲೆ "ಸವಕಳಿಯಾಗದಂತೆ" ಕೂರಬಹುದೆಂದು ನಿರ್ಣಯಿಸಿತು. ಸವೆಯದಂತೆ ಕೂರುವುದು ಹೇಗೆಂದು ನಿರ್ಣಯದಲ್ಲಿ ಇರಲಿಲ್ಲ. ಆದರೂ ಅಜ್ಜ ಸಹಿಸಿಕೊಂಡ. ಕೂತರೇನು, ನಿಂತರೇನು, ಬಾಯಿ ಇದೆಯಲ್ಲ!

ಮರುದಿನ ಒಬ್ಬ ಗಿರಾಕಿ ಬಂದು, "ಅಜ್ಜ, ಆ ಮಹಾಬೀಗದ ಕತೆ..." ಎಂದ. ಅಜ್ಜ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮಗಳಿಗೆ ಒಂದು ವಿಚಾರ ಹೊಳೆಯಿತು. ಜನ ಬರುವುದೇ ಕತೆಗೆ, ಕೀ ಕೊರೆಸುವುದೇ ಕತೆಯ ನೆಪಕ್ಕೆ. ಹಾಗಾದರೆ ಅಂಗಡಿಯ ನಿಜವಾದ ಬಂಡವಾಳ ಯಾವುದು? ತುರ್ತು ಸಭೆ ಕರೆದಳು.

ಲಾಯರು ತಲೆದೂಗಿದರು. "ಕತೆಗಳೂ ಆಸ್ತಿಯೇ. ಟ್ರಸ್ಟಿಗೆ ಸೇರತಕ್ಕದ್ದು. ಆದ್ರೆ ಇದರಲ್ಲಿ ಒಂದು ಸೂಕ್ಷ್ಮ ಇದೆ ಯಜಮಾನ್ರೇ. ಅವು ನಿಜವಾಗಿ ನಡೆದದ್ದಾದ್ರೆ ನಿಮ್ಮ ಆಸ್ತಿ ಅಲ್ಲ. ನಡೆದದ್ದು ಎಲ್ಲರದ್ದು, ಗಾಳಿ ಇದ್ದ ಹಾಗೆ, ಯಾರು ಬೇಕಾದ್ರೂ ಹೇಳಬಹುದು. ನೀವೇ ಕಟ್ಟಿದ್ದಾದ್ರೆ ಮಾತ್ರ ನಿಮ್ಮ ಸ್ವಂತ ಸಂಪಾದನೆ."

"ಅಂದ್ರೆ?"

ಲಾಯರು ಒಂದು ಕಾಗದ ಮುಂದಿಟ್ಟು ಓದಿದರು. "ಮಹಾಬೀಗದ ಕತೆ, ಮೀಸೆಯ ಕೂದಲಿನ ಕತೆ, ಹಾಗೂ ನಾನು ಇದುವರೆಗೆ ಹೇಳಿದ ಮತ್ತು ಇನ್ನು ಮುಂದೆ ಹೇಳಲಿರುವ ಸಕಲ ಕತೆಗಳು, ಬುದ್ಧಿ ಸ್ಥಿಮಿತದಲ್ಲಿದ್ದು ನಾನೇ ಕಟ್ಟಿದ ಸುಳ್ಳುಗಳಾಗಿರುತ್ತವೆ." ಕೆಳಗೆ ಅಜ್ಜನ ಹೆಬ್ಬೆಟ್ಟಿಗೆ ಜಾಗ. ಪಕ್ಕದಲ್ಲಿ ಸಾಕ್ಷಿಗೆ ಜಾಗ. ಸಾಕ್ಷಿ ಹಾಕಲು ಕ್ಷೌರದವನು ಆಗಲೇ ಕೈ ತೊಳೆದುಕೊಂಡು ಬಂದು ನಿಂತಿದ್ದ.

ಅಜ್ಜನ ಮೀಸೆ ಎರಡೂ ಕಡೆ ನಡುಗಿತು. "ಹಾಕದಿದ್ರೆ?"

"ಹಾಕದಿದ್ರೆ ನಿಜ ಅಂತಾಯ್ತು. ನಿಜ ಆದ್ರೆ ಸಾರ್ವಜನಿಕ."

"ಹಾಗಾದ್ರೆ ನಾನೂ ಮಹಾಬೀಗದೊಳಗೆ ಇಳಿದಿದ್ದೆ ಅನ್ನಬಹುದಲ್ವಾ ಲಾಯರೇ?" ಎಂದ ಕ್ಷೌರದವನು. "ಆ ಬಿಳಿಗಡ್ಡದ ಮುದುಕನಿಗೆ ಒಳಗೇ ಕ್ಷೌರ ಮಾಡಿದ್ದು ನಾನು ಅನ್ನಬಹುದು. ಅಯ್ಯೋ, ಚೆನ್ನಾಗಿರುತ್ತೆ!"

ಚೆನ್ನಾಗಿಯೇ ಇತ್ತು. ಅದೇ ಅಜ್ಜನ ಎದೆಗೆ ನಾಟಿದ್ದು. ಮನೆ ಹೋಗಲಿ, ಅಂಗಡಿ ಹೋಗಲಿ. ಜೀವಮಾನವೆಲ್ಲ ನಿಜ ನಿಜ ಎಂದು ಆಣೆ ಹಾಕಿದ್ದನ್ನು ಸುಳ್ಳು ಎಂದು ಹೆಬ್ಬೆಟ್ಟು ಒತ್ತಬೇಕು. ಇಲ್ಲವೇ ಕ್ಷೌರದವನ ಕೈಗೆ ಕೊಡಬೇಕು. ಯೋಚಿಸಲು ಮರುದಿನದವರೆಗೆ ಸಮಯ ಕೇಳಿದ.

ಸಂಜೆ ಅಜ್ಜಿ ತರಕಾರಿ ಹೆಚ್ಚುತ್ತ ಕೂತಿದ್ದಳು. "ಒಂದು ಹೆಬ್ಬೆಟ್ಟು ತಾನೇ ರೀ, ಒತ್ತಿಬಿಡಿ. ಮಸಿ ನಾನು ಒರೆಸ್ತೀನಿ."

"ನಿನಗೂ ಅವು ಸುಳ್ಳು ಅನ್ನಿಸುತ್ತೇನೇ?"

"ಆ ಮಹಾಬೀಗ ಮೊದಮೊದಲು ಅಂಗೈಯಷ್ಟಿತ್ತು. ನಾನೇ ನೋಡಿದ್ದೀನಿ. ನಮ್ಮ ಬಚ್ಚಲ ಬಾಗಿಲಿಗೆ ಹಾಕಿದ್ರಿ."

ಅಜ್ಜ ಮುಖ ಸಣ್ಣದು ಮಾಡಿಕೊಂಡ. "ಮತ್ತೆ ನಾನು ಸತ್ತಾಗ, ಬಂದವರ ಮುಂದೆಲ್ಲ ಊಟದ ಡಬ್ಬಿ ಕಟ್ಟಿಕೊಟ್ಟೆ ಅಂದ್ಯಲ್ಲ?"

"ಸತ್ತವರ ಬಗ್ಗೆ ಇನ್ನೇನು ಹೇಳಲಿ? ಬಚ್ಚಲ ಬೀಗ ಅನ್ನಲಾ?"

ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಅವನು ಬದುಕಿರುವಾಗ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಆ ಮನೆ ಕಂಡೇ ಇರಲಿಲ್ಲ. ಅವನ ಕೈಗೆ ಯಾವುದೋ ಬೀಗದ ಒಳಗಿನ ಮುಳ್ಳು ಸಿಕ್ಕಿದಂತೆ ಬೆರಳು ತಾನಾಗಿ ತಿರುಗುತ್ತಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಅಂಗಡಿಯಲ್ಲಿ ಸೇರಿದರು. ಸಭೆಗಾಗಿ ಮಗ ಕಚೇರಿಗೆ ತಡವಾಗಿ ಹೋಗುವ ಅನುಮತಿ ತಂದಿದ್ದ. ಲಾಯರು ಮಸಿಯ ಡಬ್ಬಿ ತೆರೆದರು. ಅಜ್ಜ ಹೆಬ್ಬೆಟ್ಟನ್ನು ಮಸಿಗೆ ಅದ್ದಿದ. ಕಾಗದದ ಮೇಲೆ ತಂದ. ಕ್ಷೌರದವನು ತನ್ನ ಬೆರಳನ್ನೂ ಮುಂದೆ ಚಾಚಿದ. ಅಜ್ಜ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದ.

"ಹತ್ತಾಗ್ತಾ ಬಂತು," ಎಂದ.

"ಅದಕ್ಕೇನೀಗ?" ಎಂದರು ಲಾಯರು.

"ನಾನು ಸಾಯೋ ಹೊತ್ತು."

"ವಿಲ್ಲಿನ ಪರೀಕ್ಷೆ ಮುಗೀತಲ್ಲ ಅಪ್ಪಾ!" ಎಂದ ಮಗ.

"ಎಲ್ಲಿ ಮುಗೀತು? ಎಂಟು ದಿನ ಅಂದಿದ್ದೆ. ನಡುವೆ ಭಾನುವಾರ ರಜೆ ಕೊಟ್ರಿ. ಒಂದು ದಿನದ ಸಾವು ಬಾಕಿ ಇದೆ. ಏಳು ದಿನ ಹಾಕಿ ನೋಡಿದ ಬೀಗವನ್ನ ನಾನು ಯಾವತ್ತಾದ್ರೂ ಮಾರಿದ್ದೀನಾ?"

ಲಾಯರು ಬೆರಳು ಮಡಚಿ ಲೆಕ್ಕ ಹಾಕಿದರು. "ಬಾಕಿ ಇದೆ. ಸಾಯತಕ್ಕದ್ದು."

ಗಡಿಯಾರ ಹತ್ತು ಹೊಡೆಯಿತು. ಅಜ್ಜ ಮಸಿಯ ಹೆಬ್ಬೆಟ್ಟನ್ನು ಮೇಲೆತ್ತಿಕೊಂಡೇ ಸ್ಟೂಲಿನ ಮೇಲೆ ಕಣ್ಣು ಮುಚ್ಚಿದ. ಅನುಮತಿ ಕೇಳಲಿಲ್ಲ, ಸತ್ತವರಿಗೆ ಅನುಮತಿ ಬೇಕಿಲ್ಲ.

ಕಾಗದ ಹಾಗೇ ಉಳಿಯಿತು. ಸತ್ತವನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಪರಾಧವೆಂದು ಲಾಯರ ಕುರ್ಚಿಯ ಕಾಲಡಿಯ ಪುಸ್ತಕದಲ್ಲೇ ಇತ್ತು. ಮಗ ಕೂಡಲೇ ಕಚೇರಿಗೆ ಫೋನು ಮಾಡಿ, ತಂದೆ ಮತ್ತೆ ತೀರಿಕೊಂಡದ್ದರಿಂದ ಬರಲಾಗುವುದಿಲ್ಲವೆಂದು ತಿಳಿಸಿ, ಚಪ್ಪಲಿ ಬಿಟ್ಟು ಆರಾಮವಾಗಿ ಕೂತ. ಸುದ್ದಿ ಹರಡಿ ಜನ ಬರತೊಡಗಿದರು. ಯಂತ್ರ ಗುಂಯ್ಗುಡಲು ಶುರುವಾಯಿತು. ಅಜ್ಜಿ ಆಕಳಿಸುತ್ತ ಒಳಗೆ ಹೋದಳು.

ಕ್ಷೌರದವನು ಅರ್ಧ ಗಳಿಗೆ ಒದ್ದಾಡಿದ. ಸಾಕ್ಷಿ ಹಾಕಲು ಬಂದ ಬೆರಳನ್ನು ಪಂಚೆಗೆ ಒರೆಸಿಕೊಂಡ. ಬಂದವರೊಬ್ಬರು, "ಇವರೇ ಅಲ್ವಾ ಮೂರು ದಿನ ಬೀಗದೊಳಗಿದ್ದವರು? ಅದು ನಿಜವಾ?" ಎಂದು ಕೇಳಿದರು.

ಕ್ಷೌರದವನು ಅಜ್ಜನ ಮುಚ್ಚಿದ ಕಣ್ಣನ್ನು ನೋಡಿದ, ತೆಳ್ಳಗಿನ ಎಡಮೀಸೆಯನ್ನು ನೋಡಿದ. "ಮೂರಲ್ಲ," ಎಂದ. "ಏಳು. ಇವರಿಗೆ ಬಡಾಯಿ ಆಗಿಬರ್ತಿರಲಿಲ್ಲ, ಕಡಿಮೆ ಮಾಡಿ ಹೇಳ್ತಿದ್ರು."

ದಿವಂಗತರು ಕೆಮ್ಮಲಿಲ್ಲ.

ಸಂಜೆ ಐದಕ್ಕೆ ಅಜ್ಜ ಎದ್ದು, ವಿಲ್ಲಿನ ಬೀಗ ತಿರ್ರನೆ ತಿರುಗುವುದಿಲ್ಲ, ಎಲ್ಲೋ ಸ್ವಲ್ಪ ಕಚ್ಚುತ್ತಿದೆ, ಇನ್ನೊಂದು ಎಂಟು ದಿನ ಹಾಕಿ ನೋಡುವುದು ಒಳ್ಳೆಯದು ಎಂದ. ಸಭೆ ಸರ್ವಾನುಮತದಿಂದ ಒಪ್ಪಿತು. ಆ ಎಂಟು ದಿನದ ಕೊನೆಗೆ ಮತ್ತೆ ಎಂಟು. ಟ್ರಸ್ಟು ಮಾಡಬೇಕೋ ಬೇಡವೋ ಎಂಬ ವಿಷಯವು ಸದ್ಯ ಪರಿಶೀಲನೆಯಲ್ಲಿರುತ್ತದೆ. ಲಾಯರು ಅಂಗಡಿಯ ಮೂಲೆಯಲ್ಲೇ ಒಂದು ಮೇಜು ಹಾಕಿಕೊಂಡಿದ್ದಾರೆ. ಹಗ್ಗದ ಹಿರಿಯನೂ ಮೆಟ್ಟಿಲಿನ ಕಿರಿಯನೂ ಬಂದು, ತೀರಿಹೋದ ತಮ್ಮ ತಂದೆಯನ್ನು ಸಂಜೆಯ ಹೊತ್ತಿಗಾದರೂ ವಾಪಸ್ ಪಡೆಯಬಹುದೇ ಎಂದು ವಿಚಾರಿಸಿದರು. ಅರ್ಜಿ ಸ್ವೀಕರಿಸಲಾಗಿದೆ.

ಮಹಾಬೀಗ ಈಗ ಬಹಳ ಬೆಳೆದಿದೆ. ಮೊನ್ನೆ ಬಂದವರಿಗೆ ಕ್ಷೌರದವನು ಹೇಳಿದ ಪ್ರಕಾರ ಅದರೊಳಗೆ ಒಂದು ಬೀದಿಯೂ, ಬೀದಿಯಲ್ಲಿ ಒಂದು ಬೀಗದ ಅಂಗಡಿಯೂ ಇದೆ. ಒಳಗಿದ್ದ ಬಿಳಿಗಡ್ಡದ ಮುದುಕನೇ ಅಜ್ಜನ ಕಾಲು ಮುಟ್ಟಿ, "ನಿಮ್ಮಂಥ ಕೈ ನಾನು ನೋಡಿಲ್ಲ" ಎಂದನಂತೆ. ಇದು ಅಜ್ಜನಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಐದಕ್ಕೆ ಅವನು ಕಣ್ಣು ತೆರೆದು, ಎದುರಿಗಿದ್ದವರಿಗೆ ಉತ್ಸಾಹದಿಂದ, "ಕೇಳಿ, ನಾನು ತೂತಿನಿಂದ ಇಳಿದೆ ನೋಡಿ..." ಎಂದು ಶುರುಮಾಡಿದ. ಜನ ಸ್ವಲ್ಪ ಹೊತ್ತು ಮರ್ಯಾದೆಗೆ ಕೇಳಿದರು. ಆಮೇಲೆ ಒಬ್ಬ ಹೇಳಿದ, "ಅಜ್ಜ, ತಪ್ಪು ತಿಳೀಬೇಡಿ. ನೀವು ಸತ್ತಿದ್ದಾಗ ಇದು ಇನ್ನೂ ಚೆನ್ನಾಗಿತ್ತು."

ಅಜ್ಜನಿಗೆ ಸಿಟ್ಟು ಬರಲಿಲ್ಲ. ಸತ್ತು ಕೂತಿದ್ದಾಗ ತಾನು ಕೂಡ ಕಣ್ಣು ಮುಚ್ಚಿಕೊಂಡು ಅದನ್ನೇ ಯೋಚಿಸಿದ್ದ. ಮಗನನ್ನು ಕರೆದು, ಸಾವಿನ ವೇಳೆಯನ್ನು ಸಂಜೆ ಏಳರವರೆಗೆ ವಿಸ್ತರಿಸಲು ಅರ್ಜಿ ಕೊಟ್ಟ. ಎರಡು ಗಂಟೆಯ ಹೆಚ್ಚುವರಿ ಸಾವನ್ನು ಸಭೆ ಅಲ್ಲೇ ಮಂಜೂರು ಮಾಡಿತು.

ಅಜ್ಜಿ ಮಾತ್ರ ಅಡುಗೆಮನೆಯಿಂದ ಒಂದು ಷರತ್ತು ಕೂಗಿದಳು.

"ಏಳು ಅಂದ್ರೆ ಏಳು, ನೋಡಿ! ಊಟದ ಹೊತ್ತಿಗೆ ಬದುಕಿಲ್ಲದಿದ್ರೆ ಆರಿದ್ದನ್ನೇ ತಿನ್ನಬೇಕು, ನಾನು ಮತ್ತೆ ಬಿಸಿ ಮಾಡೋಳಲ್ಲ."